ಭಾನುವಾರದ ದೋಣಿ ಪ್ರಯಾಣ: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಕುಂಬಾರ್ಜುವಾ ಕಾಲುವೆ ಸುತ್ತಲು ನಮ್ಮ ಗುಂಪಿಗೇ ಅಂತ ಒಂದು ದೋಣಿ ಗೊತ್ತು ಮಾಡಿದ್ದೇವೆ. 12 ಜನಕ್ಕೆ ಮಾತ್ರ ಜಾಗ. ಬೆಳಿಗ್ಗೆ 6.45ಕ್ಕೆ ಹಳೇ ಗೋವಾದ ವೈಸ್‌ರಾಯ್ ಕಮಾನಿನ ಹತ್ತಿರ ಸೇರೋಣ, 7ಕ್ಕೆ ಹೊರಡುತ್ತೇವೆ.

ಮಾಂಡೋವಿ, ಜುವಾರಿ ನದಿಗಳನ್ನು ಕೂಡಿಸುವ ಕಾಲುವೆ ಇದು. ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮೊಸಳೆಗಳಿವೆ. ಮಕ್ಕಳು ನೀರಿಗೆ ಕೈ ಹಾಕಬಾರದು, ಲೈಫ್ ಜಾಕೆಟ್ ಯಾರೂ ಬಿಚ್ಚಬಾರದು. ಹೋಗುವಾಗ ದೀವಾಡಿ ದ್ವೀಪ ಸಿಗುತ್ತದೆ. ಗೋವಾ ಆಳಿದ ನಮ್ಮ ಕದಂಬರ ಕುಲದೇವರು ಸಪ್ತಕೋಟೇಶ್ವರನ ಹಳೇ ಗುಡಿ ಇದ್ದದ್ದು ಅಲ್ಲೇ ಅಲ್ವಾ, ನನಗಂತೂ ಆ ಜಾಗವನ್ನು ನೀರಿನಿಂದ ನೋಡುವ ಆಸೆ ಜಾಸ್ತಿ.

ಟೋಪಿ, ನೀರು ತನ್ನಿ. ಎಷ್ಟು ಜನ ಬರುತ್ತೀರಿ ಅಂತ ಗುರುವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಈಜು ಬಾರದವರು, ಹಿರಿಯರು ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ.