ಧನುಷ್ಕೋಟಿಯ ಬಂಡೆಗೂ ಒಂದು ಫಲಕ ಬೇಕು

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಕಳೆದ ಭಾನುವಾರ, ಎಂಟನೇ ತರಗತಿಯಲ್ಲಿ ಓದುತ್ತಿರುವ ಮಗಳನ್ನು ಕರೆದುಕೊಂಡು ಮೇಲುಕೋಟೆಗೆ ಹೋಗಿದ್ದೆ. ಮಂಡ್ಯದವರಾದ ನಮಗೆ ಅದು ಹೊಸ ಊರಲ್ಲ. ವೈರಮುಡಿಗೆಂದೋ, ಬಂದ ನೆಂಟರಿಗೆ ತೋರಿಸಲೆಂದೋ ವರ್ಷಕ್ಕೆ ಎರಡು ಸಲವಾದರೂ ಹೋಗುತ್ತೇವೆ. ಚೆಲುವನಾರಾಯಣನ ದರ್ಶನ ಮಾಡಿ, ಬೆಟ್ಟ ಹತ್ತಿ ಯೋಗಾನರಸಿಂಹನಿಗೆ ಕೈಮುಗಿದು, ಪುಳಿಯೋಗರೆ ಕಟ್ಟಿಸಿಕೊಂಡು ಹಿಂತಿರುಗುತ್ತೇವೆ. ಈ ಸಲ ಮಗಳು ಹಟ ಹಿಡಿದಳೆಂದು ಮೇಲುಕೋಟೆಯಲ್ಲೇ ಇರುವ, ನೀರು ನಿಂತ ಸೀಳುಬಂಡೆಯ ಧನುಷ್ಕೋಟಿಗೂ ಹೋದೆವು. ಅಲ್ಲಿ ಅವಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ; ಉತ್ತರ ಹೇಳುವ ಒಂದು ಫಲಕವೂ ಅಲ್ಲಿ ನಮ್ಮ ಕಣ್ಣಿಗೆ ಬೀಳಲಿಲ್ಲ.

ಸೀತೆಗೆ ಬಾಯಾರಿದಾಗ ಶ್ರೀರಾಮ ಬಾಣ ಹೂಡಿ ಬಂಡೆಯನ್ನು ಸೀಳಿದನೆಂದೂ, ಆಗ ಚಿಮ್ಮಿದ ನೀರೇ ಆ ಸೀಳಿನಲ್ಲಿ ಇಂದಿಗೂ ನಿಂತಿದೆಯೆಂದೂ ನನ್ನ ಅಜ್ಜಿ ಹೇಳುತ್ತಿದ್ದ ಕಥೆಯನ್ನೇ ನಾನು ಅವಳಿಗೆ ಹೇಳಿದೆ. ಅವಳು ಬಂಡೆಯ ಮೇಲೆ ಬೋರಲು ಮಲಗಿ ಸೀಳಿನೊಳಗೆ ಕೈ ಇಳಿಬಿಟ್ಟಳು. ಮೊಣಕೈವರೆಗೆ ತಣ್ಣನೆಯ ನೀರು, ಬೆರಳಿಗೆ ಸಿಕ್ಕಿದ್ದು ಕೊಳೆತ ಎರಡು ಎಲೆ ಮತ್ತು ಯಾರೋ ಎಸೆದ ಬಾಟಲಿಯ ಮುಚ್ಚಳ. "ಬಾಣ ಬಂಡೆಯನ್ನು ಸೀಳಿತು, ಸರಿ. ಮಳೆ ನಿಂತು ಎರಡು ತಿಂಗಳಾಯಿತಲ್ಲ, ನೀರು ಎಲ್ಲಿತ್ತಮ್ಮ?" ಎಂದು ಕೇಳಿದಳು.

ಮನೆಗೆ ಬಂದು ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದು ಇಷ್ಟು. ಮಂಡ್ಯ ಜಿಲ್ಲೆಯ ನೆಲದ ಬಹುಪಾಲು ನೈಸ್ ಎಂಬ ಬಹಳ ಪುರಾತನವಾದ ಶಿಲೆಯದು. ದಕ್ಷಿಣ ಕರ್ನಾಟಕದಲ್ಲಿ ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಇಂತಹ ಗಟ್ಟಿ ಕಲ್ಲು ಮರಳಿನ ಹಾಗೆ ತನ್ನ ಮೈಯೊಳಗೆ ನೀರು ಹೀರಿಕೊಳ್ಳುವುದಿಲ್ಲ. ಭೂಮಿಯ ಆಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿದ್ದ ಕಲ್ಲು, ಮೇಲಿದ್ದ ಹೊರೆ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಂತೆ ಒತ್ತಡ ಕಳೆದುಕೊಂಡು ಬಿರುಕು ಬಿಡುತ್ತದೆ. ಎತ್ತರದಲ್ಲಿ ಬಿದ್ದ ಮಳೆ ಆ ಬಿರುಕುಗಳಲ್ಲಿ ಇಂಗಿ, ನಿಧಾನವಾಗಿ ಹರಿದು, ತಗ್ಗಿನಲ್ಲಿ ಬಿರುಕು ಬಾಯಿ ತೆರೆದ ಕಡೆ ಜಿನುಗುತ್ತದೆ. ನಮ್ಮ ರೈತರ ಬೋರ್‌ವೆಲ್‌ಗೆ ನೀರು ಸಿಕ್ಕರೆ ಅದೂ ಇಂತಹ ಬಿರುಕಿನಲ್ಲೇ. ಬಂಡೆ ಸೀಳಿದ್ದರಿಂದಲೇ ನೀರು ಬಂತು ಎಂಬ ಅಜ್ಜಿಯ ಮಾತನ್ನು ಭೂವಿಜ್ಞಾನ ಎಲ್ಲಿಯೂ ಅಲ್ಲಗಳೆಯುವುದಿಲ್ಲವೆಂಬುದು ನನಗೆ ಬಹಳ ಸಂತೋಷ ಕೊಟ್ಟಿತು.

ಮೇಲುಕೋಟೆಯ ನಾಮದ ಮಣ್ಣಿನ ಸಂಗತಿಯೂ ಹೀಗೆಯೇ. ಶ್ವೇತದ್ವೀಪದಿಂದ ಗರುಡ ತಂದನೆಂದು ಹೇಳುವ ಈ ಬಿಳಿ ಮಣ್ಣು ಯದುಗಿರಿಯಲ್ಲಿ, ಅಂದರೆ ಮೇಲುಕೋಟೆಯಲ್ಲಿ, ಇದೆಯೆಂದು ರಾಮಾನುಜಾಚಾರ್ಯರಿಗೆ ಕನಸಿನಲ್ಲಿ ತಿಳಿಯಿತೆಂದೂ, ಅದನ್ನು ಹುಡುಕಿ ಬಂದ ಅವರಿಗೆ ತಿರುನಾರಾಯಣನೂ ದೊರೆತನೆಂದೂ ಸಂಪ್ರದಾಯ ಹೇಳುತ್ತದೆ. ಒಂದು ಕಾಲಕ್ಕೆ ಈ ಮಣ್ಣು ಕಾಶಿಯವರೆಗೂ ಹೋಗುತ್ತಿತ್ತು. ನಮ್ಮ ದೇವರ ಮನೆಯಲ್ಲಿದ್ದ ಒಂದು ಉಂಡೆಯನ್ನು ಅಂಗೈಯಲ್ಲಿ ತೇಯ್ದು ಮಗಳಿಗೆ ತೋರಿಸಿದೆ: ಒಂದು ಹರಳೂ ಕೈಗೆ ತಾಗದಷ್ಟು ನುಣುಪು, ಒಣಗಿದ ಮೇಲೆ ಉಗುರಿನ ಸಂದಿಯಲ್ಲಿ ಸುಣ್ಣದಂತೆ ಉಳಿಯುವ ಬಿಳುಪು. ಬಿಳಿ ಜೇಡಿ ಹುಟ್ಟುವುದು ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಮಳೆನೀರಿಗೆ ಲಕ್ಷಾಂತರ ವರ್ಷ ಸಿಕ್ಕಿ ಕೊಳೆತಾಗ. ಗಟ್ಟಿ ಬಂಡೆ ಹಣೆಗೆ ಹಚ್ಚುವಷ್ಟು ಮೆದುವಾಗಲು ಎಷ್ಟು ಮಳೆಗಾಲ ಬೇಕಾಯಿತೆಂದು ತಿಳಿದ ಮೇಲೆ, ಆ ಉಂಡೆಯ ಮೇಲಿನ ನನ್ನ ಭಕ್ತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಪಕ್ಕಪಕ್ಕದಲ್ಲೇ ಇದ್ದರೂ ನೀರಿನ ರುಚಿ ಬೇರೆ ಎಂದು ಹೆಸರಾದ ಅಕ್ಕ–ತಂಗಿ ಕೊಳಗಳ ಕುರಿತೂ ಮಕ್ಕಳಿಗೆ ಹೇಳಲು ಇಂತಹುದೇ ಸಂಗತಿ ಇದ್ದೀತು.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಸೀಳಿನ ನೀರು ಕೇವಲ ಪವಾಡವೆಂದು ನಂಬಿದವರಿಗೆ ಅದು ಬತ್ತುವ ಭಯವಿರುವುದಿಲ್ಲ. ಅದು ಸುತ್ತಲ ಇಳಿಜಾರಿನಲ್ಲಿ ಇಂಗಿದ ಮಳೆಯೆಂದು ತಿಳಿದವರು ಮಾತ್ರ, ಆ ಇಳಿಜಾರಿಗೆ ಸಿಮೆಂಟ್ ಹಾಸುವ ಅಥವಾ ವಾಹನ ನಿಲ್ಲಿಸಲು ನೆಲ ಸಮ ಮಾಡುವ ಯೋಚನೆ ಬಂದಾಗ ಬೇಡವೆನ್ನಬಲ್ಲರು. ಸುತ್ತಲ ಕಾಡು 1974ರಿಂದ ವನ್ಯಧಾಮ. ತೋಳ ಅಲ್ಲಿಯ ಮುಖ್ಯ ಪ್ರಾಣಿ ಎಂಬ ಕಾರಣಕ್ಕೆ ಸುಮಾರು 50 ಚದರ ಕಿಲೋಮೀಟರ್ ನೆಲಕ್ಕೆ ರಕ್ಷಣೆ ಸಿಕ್ಕಿದೆ. ಬಂಡೆಗಳಿಗಾದರೋ ಸಿಕ್ಕಿರುವುದು ಬಿಳಿ ಬಣ್ಣದಲ್ಲಿ ಬರೆದ ಪ್ರೇಮಿಗಳ ಹೆಸರು.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿರುವ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ, ಅದರ ವಯಸ್ಸನ್ನು ತಿಳಿಸುವ ಫಲಕ ಇಟ್ಟಿದ್ದಾರೆ. ಅದನ್ನು ಓದಿದವರು ಬಂಡೆಯನ್ನು ಕಾಲಡಿಯ ಕಲ್ಲೆಂದು ನೋಡಲಾರರು. ಅಂತಹ ಘೋಷಣೆಯನ್ನೇ ನಾನು ಕೇಳುತ್ತಿಲ್ಲ. ಪ್ರವಾಸೋದ್ಯಮ ಇಲಾಖೆ, ಗಣಿ ಮತ್ತು ಭೂವಿಜ್ಞಾನ ಇಲಾಖೆ ಹಾಗೂ ಅರಣ್ಯ ಇಲಾಖೆಗಳು ಒಟ್ಟಾಗಿ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಭೂವಿಜ್ಞಾನ ಅಧ್ಯಾಪಕರಿಂದ ಸ್ಥಳವನ್ನು ಪರಿಶೀಲನೆ ಮಾಡಿಸಿ, ಧನುಷ್ಕೋಟಿಯ ಬಳಿ ಒಂದು ಫಲಕ ಹಾಕಲಿ. ಮೊದಲು ರಾಮನ ಬಾಣದ ಕಥೆ, ಅದರ ಕೆಳಗೆ ಬಂಡೆಯ ಕಥೆ, ಎರಡೂ ಎಂಟನೇ ತರಗತಿಯ ಮಗು ತಾನೇ ಓದಿಕೊಳ್ಳುವಂತಹ ಕನ್ನಡದಲ್ಲಿ ಇರಲಿ. ದಯವಿಟ್ಟು ಆ ಫಲಕವನ್ನು ಬಂಡೆಗೆ ಮೊಳೆ ಹೊಡೆದು ನಿಲ್ಲಿಸಬೇಡಿ; ದಾರಿಯ ಪಕ್ಕದ ಮಣ್ಣಿನಲ್ಲಿ ಕಂಬ ನೆಟ್ಟರೆ ಸಾಕು.

ಇಂತಿ,
ಮಂಡ್ಯದ ಓದುಗರೊಬ್ಬರು