ರಾತ್ರಿಪಾಳಿಯ ಆ ಸಿಸ್ಟರ್‌ಗೆ

ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಶಸ್ತ್ರಚಿಕಿತ್ಸೆ ಆದ ಮೊದಲ ರಾತ್ರಿ, ಮಗ್ಗುಲಾಗಲೂ ಆಗದೆ ಒದ್ದಾಡುತ್ತಿದ್ದ ನನ್ನ ಬಳಿ ಬಂದು, ಮಂಚದ ತಲೆಭಾಗವನ್ನು ಸುಮಾರು 30 ಡಿಗ್ರಿಯಷ್ಟು ಎತ್ತರಿಸಿ, ಮಂಡಿಗಳ ಕೆಳಗೆ ಸುರುಳಿ ಸುತ್ತಿದ ಕಂಬಳಿಯನ್ನಿಟ್ಟು ಹೊಟ್ಟೆಯ ಬಿಗಿತವನ್ನು ಸಡಿಲಿಸಿದ ಸಿಸ್ಟರ್, ನಿಮ್ಮ ಹೆಸರು ಕೇಳಲೂ ನನಗೆ ಆಗ ತೋಚಲಿಲ್ಲ. ಗಾಯದಿಂದ ಒಸರಿದ ಕೆಂಪು ನೀರಿಗೆ ಹಾಸಿಗೆ ಒದ್ದೆಯಾಗಿ ನಾನು ಗಾಬರಿಗೊಂಡಾಗ, ಶಸ್ತ್ರಚಿಕಿತ್ಸೆಯ ವೇಳೆ ಒಳಗೆ ತುಂಬಿದ ದ್ರವವೇ ರಕ್ತದ ಬಣ್ಣ ಬೆರೆತು ಹೊರಬರುತ್ತಿದೆಯೆಂದು ತಿಳಿಹೇಳಿ, ರಬ್ಬರ್ ಶೀಟಿನ ಮೇಲೆ ಒಣ ಟವೆಲ್ ಹಾಸಿದಿರಿ. ವೈದ್ಯರು ಹೇಳುವವರೆಗೆ ನಿದ್ದೆಯಲ್ಲೂ ಬಿಗಿ ಬೆಲ್ಟನ್ನು ಬಿಚ್ಚಬಾರದೆಂದೂ, ಏಳುವಾಗ ಪಕ್ಕಕ್ಕೆ ಹೊರಳಿ ಕೈಯೂರಬೇಕೆಂದೂ ಕಲಿಸಿದಿರಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಬೆಳಗಿನ ಜಾವ ನನ್ನ ತೋಳು ಹಿಡಿದು ನಡೆಸಿದವರೂ ನೀವೇ. ಮನೆಯಲ್ಲಿಯೂ ಹಾಗೆಯೇ ಮಲಗಿ ಚೇತರಿಸಿಕೊಂಡೆ. ನಿಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.