ಆನ್‌ಲೈನ್ ಎಕ್ಸ್‌ಚೇಂಜ್ ಅಂದ್ರೆ ಒಂದು ವಿಡಿಯೋ ಕಾಲ್ ಅಲ್ಲ

ಮಾನ್ಯ ಸಂಪಾದಕರೇ,

ಬೇರೆ ದೇಶದ ಯೂನಿವರ್ಸಿಟಿ ಸ್ಟೂಡೆಂಟ್ಸ್ ಜೊತೆ ಆನ್‌ಲೈನ್‌ನಲ್ಲಿ ಕಲಿಯೋ ಕೋರ್ಸ್‌ಗಳು, ಅಂದ್ರೆ ಆನ್‌ಲೈನ್ ಎಕ್ಸ್‌ಚೇಂಜ್‌ಗಳು, ಬರ್ತಿರೋದು ತುಂಬಾ ಒಳ್ಳೇದು, ಯಾಕಂದ್ರೆ ವೀಸಾ, ವಿಮಾನದ ಟಿಕೆಟ್, ಬಾಡಿಗೆ ಎಲ್ಲಾ ಹೊಂದಿಸ್ಕೊಂಡು ಹೊರದೇಶಕ್ಕೆ ಹೋಗಿ ಓದೋಕಾಗೋದು ಸ್ವಲ್ಪ ಜನಕ್ಕೆ ಮಾತ್ರ, ಉಳಿದವ್ರಿಗೆ ಇರೋದು ಇದೊಂದೇ ದಾರಿ. ಆದ್ರೆ ಒಂದು ಗಂಟೆ ಕಾಲ್ ಮಾಡಿ, ಎರಡೂ ಕಡೆಯವ್ರು ಹಬ್ಬ, ಉಡುಪಿನ ಸ್ಲೈಡ್ ತೋರಿಸಿ, ಸ್ಕ್ರೀನ್‌ಶಾಟ್ ಹಿಡ್ಕೊಂಡು ಎದ್ದೋದ್ರೆ ಅದ್ರಿಂದ ಯಾರು ಯಾರನ್ನ ಅರಿತ ಹಾಗಾಯ್ತು?

1997ರಲ್ಲಿ ಅಮೆರಿಕದ ಎಂಐಟಿಯ ಫ್ರೆಂಚ್ ಅಧ್ಯಾಪಕಿ ಜಿಲ್ಬೆರ್ಟ್ ಫರ್ಸ್ಟೆನ್‌ಬರ್ಗ್ ಮತ್ತವರ ಜೊತೆಗಾರರು ಶುರು ಮಾಡಿದ 'ಕಲ್ಚುರಾ' ಅನ್ನೋ ಆನ್‌ಲೈನ್ ಎಕ್ಸ್‌ಚೇಂಜ್ ನೋಡಿ. ಅಮೆರಿಕ, ಫ್ರಾನ್ಸ್ ಎರಡೂ ಕಡೆ ಸ್ಟೂಡೆಂಟ್ಸ್‌ಗೆ ಒಂದೇ ಪ್ರಶ್ನಾವಳಿ, ಅಂಗಡೀಲಿ ತಾಯಿ ಮಗುಗೆ ಹೊಡೆದ್ರೆ ನೀವೇನ್ ಮಾಡ್ತೀರಿ, ಕ್ಯೂನಲ್ಲಿ ಯಾರೋ ಮುಂದೆ ನುಗ್ಗಿದ್ರೆ ಏನಂತೀರಿ ಅನ್ನೋ ಥರದ್ದು. ಉತ್ತರಗಳನ್ನ ಅಕ್ಕಪಕ್ಕ ಇಟ್ಟು ಓದಿ ಆಮೇಲೆ ಯಾಕೆ ಹೀಗೆ ಅಂತ ಬರವಣಿಗೆಯಲ್ಲೇ ಚರ್ಚೆ ಮಾಡ್ಬೇಕಿತ್ತು, ಅದೂ ಅವರವರ ಭಾಷೇಲೇ, ಇದು ನಂಗೆ ಬಹಳ ಮುಖ್ಯ ಅನ್ಸುತ್ತೆ, ಯಾಕಂದ್ರೆ ಪರಭಾಷೇಲಿ ತಡವರಿಸೋನು ತನಗೆ ಅನ್ಸಿದ್ದನ್ನ ಬಿಟ್ಟು ತನಗೆ ಹೇಳೋಕೆ ಬಂದಿದ್ದನ್ನಷ್ಟೇ ಹೇಳ್ತಾನೆ. ತಾವು ಸಹಜ ಅಂದ್ಕೊಂಡಿದ್ದು ಇನ್ನೊಬ್ರಿಗೆ ವಿಚಿತ್ರ ಅಂತ ಗೊತ್ತಾಗೋದು ಇಂಥಾ ಕಡೆ.

ಬರೀ ಪರಿಚಯ ಆದ್ರೆ ಪೂರ್ವಗ್ರಹ ಹೋಗುತ್ತೆ ಅನ್ನೋದೂ ನಿಜ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ರು, ಇಬ್ರಿಗೂ ಸಮಾನ ಸ್ಥಾನ ಬೇಕು, ಸೇರಿ ಮಾಡೋ ಕೆಲಸ ಬೇಕು, ಸಂಸ್ಥೆಯ ಬೆಂಬಲ ಬೇಕು ಅಂತ. ಆನ್‌ಲೈನ್‌ನಲ್ಲಿ ಇದು ಇನ್ನೂ ಸೂಕ್ಷ್ಮ: ಆ ಕಡೆಯವ್ರಿಗೆ ಪರೀಕ್ಷೆ ಇರುತ್ತೆ, ನೆಟ್ ಇರಲ್ಲ, ಟೈಮ್ ಝೋನ್ ಬೇರೆ, ರಿಪ್ಲೈ ಬರಲಿಲ್ಲ ಅಂದ್ಕೂಡ್ಲೇ ಈ ಕಡೆಯವ್ರು 'ಆ ದೇಶದವ್ರೇ ಹಿಂಗೆ' ಅಂತ ತೀರ್ಮಾನ ಮಾಡ್ಬಿಡ್ತಾರೆ, ಅಲ್ಲಿಗೆ ಇದ್ದ ಪೂರ್ವಗ್ರಹ ಇನ್ನೂ ಗಟ್ಟಿ ಆಯ್ತು. ಆವಾಗ ಮಧ್ಯೆ ಬಂದು ಮಾತಾಡ್ಸೋಕೆ ಮೇಷ್ಟ್ರು ಇರ್ಲೇಬೇಕು. ಬೇರೆ ಬೇರೆ ದೇಶದ ಸ್ಟೂಡೆಂಟ್ಸ್‌ನ ಆನ್‌ಲೈನ್‌ನಲ್ಲಿ ಮಾತಾಡ್ಸೋಕೆ 2003ರಲ್ಲಿ ಶುರುವಾದ 'ಸೋಲಿಯಾ' ಸಂಸ್ಥೆ ಚಿಕ್ಕ ಚಿಕ್ಕ ಗುಂಪು ಮಾಡಿ, ಚರ್ಚೆ ನಡೆಸೋಕೆ ತರಬೇತಿ ಪಡೆದವ್ರನ್ನ ಕೂರಿಸೋದು ಸುಮ್ನೆ ಅಲ್ಲ.

ಅದಕ್ಕೇ ಯೂನಿವರ್ಸಿಟಿಗಳಿಗೆ ನನ್ನ ಕೇಳಿಕೆ: ಇದನ್ನ ಕ್ಲಾಸ್ ಮುಗಿದ್ಮೇಲಿನ ಚಟುವಟಿಕೆ ಮಾಡ್ಬೇಡಿ, ಎರಡೂ ಕಡೆ ಕ್ರೆಡಿಟ್ ಕೊಡಿ, ಕನಿಷ್ಠ ಕೆಲವು ವಾರ ಆದ್ರೂ ನಡೆಸಿ, ಇದನ್ನ ನಡೆಸೋ ಮೇಷ್ಟ್ರ ಟೈಮ್‌ಟೇಬಲ್‌ನಲ್ಲಿ ಇದಕ್ಕೂ ಪೀರಿಯಡ್ ಲೆಕ್ಕ ಹಾಕಿ, ಅವ್ರು ರಾತ್ರಿ ಮನೇಲಿ ಕೂತು ಮಾಡೋ ಹಾಗೆ ಬಿಡ್ಬೇಡಿ.

ಇಂತಿ,
ಒಬ್ಬ ಓದುಗ